ವಾರ್ನಿಷ್ ಬಳಿದ್ರೆ ಉಲ್ಕೆ ಉಳಿಯಲ್ಲ ಸ್ವಾಮಿ!

ನಮಸ್ಕಾರ. ಹೋದ ಸಂಚಿಕೆ ಕೆಳಗೆ ಒಬ್ಬರು ಬರೆದಿದ್ದಾರೆ: "ಪಲ್ಲಸೈಟ್‌ಗೆ ಎರಡು ಕೋಟ್ ವಾರ್ನಿಷ್ ಹೊಡೀರಿ, ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ." ಅದಕ್ಕೆ ಲೈಕು ಬೇರೆ!

ಇರಲ್ಲ. ಯಾಕೆ ಅಂತ ಕೇಳಿ.

ಪಲ್ಲಸೈಟ್ ಅಂದ್ರೆ ಕಬ್ಬಿಣ-ನಿಕ್ಕಲ್ ಒಳಗೆ ಆಲಿವಿನ್ ಹರಳು ಕೂತಿರೋ ಉಲ್ಕಾಶಿಲೆ. ಆ ಆಲಿವಿನ್ ತಿಳಿಯಾಗಿದ್ರೆ ಒಡವೆ ಅಂಗಡೀಲಿ ಅದೇ ಪೆರಿಡಾಟ್. 1772ರಲ್ಲಿ ಪೀಟರ್ ಪಲ್ಲಾಸ್ ಸೈಬೀರಿಯಾದಲ್ಲಿ ನೋಡಿದ ಸುಮಾರು 700 ಕಿಲೋ ಬಂಡೆಯಿಂದ ಈ ಹೆಸರು. ಹರಳಿಗೆ ಏನೂ ಆಗಲ್ಲ. ಕೆಡೋದು ಸುತ್ತಲಿನ ಕಬ್ಬಿಣ. ಮಣ್ಣಲ್ಲಿ ಬಿದ್ದಿದ್ದಾಗ ಲೋಹ-ಹರಳಿನ ಸಂದಿಯಲ್ಲಿ ಕ್ಲೋರೈಡ್, ಅಂದ್ರೆ ಉಪ್ಪಿನಲ್ಲಿರೋ ಅಂಶ, ಇಳಿದಿರುತ್ತೆ. ಅದಕ್ಕೆ ತೇವ, ಗಾಳಿ ಸಿಕ್ಕಿದ್ರೆ ತುಕ್ಕು. ತುಕ್ಕು ಹಿಡಿಸಿದ ಕ್ಲೋರೈಡ್ ಖರ್ಚಾಗಲ್ಲ, ಮತ್ತೆ ಹೊಸ ಕಬ್ಬಿಣಕ್ಕೆ ಕೈ ಹಾಕುತ್ತೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಹರಳನ್ನ ನೂಕುತ್ತೆ. ಒಂದು ದಿನ ಡಬ್ಬಿ ತೆಗೆದ್ರೆ ಹರಳು ಕೆಳಗೆ ಉದುರಿರುತ್ತೆ. ಇದರ ಮೇಲೆ ವಾರ್ನಿಷ್ ಅಂದ್ರೆ ಹುಳ ಬಿದ್ದ ಬದನೆಕಾಯಿಗೆ ಎಣ್ಣೆ ಸವರಿದ ಹಾಗೆ. ಮೇಲೆ ಫಳಫಳ, ಒಳಗೆ ಹಬ್ಬ.

ಮಾಡಬೇಕಾದ್ದು ಏನು? ಮೊದಲು ಕ್ಲೋರೈಡ್ ತೆಗೀಬೇಕು. ಎಥನಾಲ್‌ನಲ್ಲಿ (ಆಲ್ಕೋಹಾಲ್) ಸೋಡಿಯಂ ಹೈಡ್ರಾಕ್ಸೈಡ್ (ಕಾಸ್ಟಿಕ್ ಸೋಡಾ) ಕರಗಿಸಿ ವಾರಗಟ್ಟಲೆ ನೆನೆಸಿ, ದ್ರಾವಣ ಕಂದಾದಾಗೆಲ್ಲ ಬದಲಿಸಿ. ಕೈಗವಸು, ಕನ್ನಡಕ ಬೇಕು. ಬೆಂಕಿ ಹತ್ತಿರ ಬೇಡವೇ ಬೇಡ. ಆಮೇಲೆ ಶುದ್ಧ ಎಥನಾಲ್‌ನಲ್ಲಿ ತೊಳೆದು, ಅದು ಪೂರ್ತಿ ಆರಿದ ಮೇಲೆ ಬೆಚ್ಚಗೆ ಒಣಗಿಸಿ. ಗಾಳಿಯಾಡದ ಡಬ್ಬಿ, ತೇವ ಹೀರೋ ಸಿಲಿಕಾ ಜೆಲ್, ಜೊತೆಗೊಂದು ತೇವಾಂಶ ಅಳೆಯೋ ಸಣ್ಣ ಹೈಗ್ರೋಮೀಟರ್. ತೇವಾಂಶ 40 ಶೇಕಡಾ ದಾಟಬಾರದು. ಜೆಲ್ ಬಣ್ಣ ಬದಲಾದ್ರೆ ಓವನ್‌ನಲ್ಲಿ ಕಾಯಿಸಿ ಮತ್ತೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಲ್ಲೂ ಉಪ್ಪೇ ಇರೋದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇದನ್ನ ಶೋಕೇಸ್‌ನಲ್ಲಿ ಇಡೋರಿಗೆ ನನ್ನ ಸಂತಾಪ.

"ನಂದು ಐದು ವರ್ಷದಿಂದ ವಾರ್ನಿಷ್ ಮಾಡಿದ್ದೇ, ಏನೂ ಆಗಿಲ್ಲ" ಅಂತೀರಾ? ನಿಮ್ದು ಎಸ್ಕೆಲ್ ಅನ್ನೋ ಪಲ್ಲಸೈಟ್ ಇರಬೇಕು. ಅರ್ಜೆಂಟೀನಾದಲ್ಲಿ 1951ರಲ್ಲಿ ನೀರಿನ ತೊಟ್ಟಿಗೆ ಗುಂಡಿ ತೋಡುವಾಗ ಸಿಕ್ಕಿದ್ದು. ಅದು ಸಾಧು ಪ್ರಾಣಿ, ವಾರ್ನಿಷ್ ಇಲ್ಲದಿದ್ರೂ ಇರ್ತಿತ್ತು! ಬೇಗ ತುಕ್ಕು ಹಿಡಿಯೋ ಪಲ್ಲಸೈಟ್‌ಗಳಾದ ಬೆಲಾರೂಸ್‌ನ ಬ್ರಾಹಿನ್‌ಗೆ, ಅಮೆರಿಕದ ಕಾನ್ಸಾಸ್‌ನ ಅಡ್ಮೈರ್‌ಗೆ ಬಳಿದು ನೋಡಿ. ಅಗ್ಗಕ್ಕೆ ಸಿಕ್ತು ಅಂತ ಹಿಗ್ಗೋ ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್‌ನಲ್ಲಿ (ಭೂತಗನ್ನಡಿ) ಹರಳಿನ ಅಂಚು ನೋಡಿ. ಕಂದು ಹನಿ, ಕಿತ್ತಳೆ ಗೆರೆ ಕಂಡ್ರೆ ಅದು ಆಗಲೇ ಬೆವರ್ತಿದೆ. ಮಾರೋರು ವಾರ್ನಿಷ್ ಬಳಿದಿದ್ರೆ? ಅದನ್ನೇ ಮುಚ್ಚೋಕೆ ಬಳಿದಿರಬಹುದು ಅಂದ್ಕೊಳ್ಳಿ!

ಮುಂದಿನ ವಾರ ನೈಟ್ರಿಕ್ ಆಸಿಡ್‌ನಲ್ಲಿ ವಿಡ್‌ಮನ್‌ಸ್ಟಾಟನ್ ಗೆರೆ, ಅಂದ್ರೆ ಉಲ್ಕೆಯ ಲೋಹದೊಳಗಿನ ಹೆಣೆದ ಗೆರೆಗಳ ವಿನ್ಯಾಸ, ಎಬ್ಬಿಸೋದು. ಸಬ್‌ಸ್ಕ್ರೈಬ್ ಒತ್ತಿ, ಗಂಟೆನೂ ಬಾರಿಸಿ. ವಾರ್ನಿಷ್ ಡಬ್ಬಿ ತಂದಾಗಿದೆ ಅನ್ನೋರು ಮನೆ ಬಾಗಿಲಿಗೆ ಬಳೀರಿ. ಉಲ್ಕೆಗೆ ಬೇಡ. ಬೇಡ ಅಂದ್ರೆ ಬೇಡ, ಅಷ್ಟೇ!