ನಡುಕ ಮರಳಿದರೆ ಮೊದಲು ವೈರ್ ನೋಡಿ

ಎಲ್ಲರಿಗೂ ನಮಸ್ಕಾರ. ಡಿಬಿಎಸ್, ಅಂದರೆ ಮೆದುಳಿನ ಆಳಕ್ಕೆ ವೈರ್ ಇಳಿಸಿ, ಎದೆಯಲ್ಲಿಟ್ಟ ಬ್ಯಾಟರಿಯಿಂದ ಸಣ್ಣ ಕರೆಂಟ್ ಕೊಟ್ಟು ನಡುಕ ತಗ್ಗಿಸುವ ಚಿಕಿತ್ಸೆ, ಅದನ್ನು ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ ಯಾಕೆ ಮಾಡುತ್ತಾರೆ ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ನಿಮ್ಮಲ್ಲಿ ತುಂಬಾ ಜನ ಮನೆಯಲ್ಲೇ ನೋಡಿದ್ದೀರಿ. ನನ್ನದು ಒಂದೇ ತಕರಾರು. ಬ್ಯಾಟರಿ ಎಷ್ಟು ವರ್ಷ ಬರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ವೈರ್ ಬಗ್ಗೆ ಯಾರೂ ಕೇಳೋದಿಲ್ಲ.

ಮೆದುಳಿಗೆ ಇಳಿಸುವ ವೈರ್, ಅಂದರೆ ಲೀಡ್, ಸುಮಾರು 1.27 ಮಿಲಿಮೀಟರ್ ದಪ್ಪ. ಹಳೆಯ ಮಾದರಿಯಲ್ಲಿ ತುದಿಗೆ ಪ್ಲಾಟಿನಂ-ಇರಿಡಿಯಂನ ನಾಲ್ಕು ಪುಟ್ಟ ಬಳೆ. ತಲೆಬುರುಡೆಯಿಂದ ಹೊರಗೆ ಬಂದ ಲೀಡ್, ಕಿವಿಯ ಹಿಂದೆ ಚರ್ಮದ ಅಡಿಯಲ್ಲಿ ಇನ್ನೊಂದು ವೈರ್‌ಗೆ ಸೇರುತ್ತದೆ. ಆ ಎಕ್ಸ್‌ಟೆನ್ಷನ್ ಕುತ್ತಿಗೆಯಲ್ಲಿ ಇಳಿದು ಎದೆಯ ಬ್ಯಾಟರಿಗೆ ಹೋಗುತ್ತದೆ. ಬುರುಡೆಯೊಳಗೆ ಅಲುಗಾಟ ಕಡಿಮೆ. ಆದರೆ ಕುತ್ತಿಗೆ ಸುಮ್ನೆ ಇರುತ್ತಾ? ಮೊಬೈಲ್ ಚಾರ್ಜರ್ ವೈರ್ ಎಲ್ಲಿ ಕಿತ್ತುಹೋಗುತ್ತೆ ಹೇಳಿ. ಪಿನ್ನಿನ ಬುಡದಲ್ಲೇ, ಅಲ್ವಾ? ಇಲ್ಲೂ ಹಾಗೇ. ಎರಡೂ ವೈರ್ ಸೇರುವ ಗಟ್ಟಿ ಕನೆಕ್ಟರ್ ಮುಗಿದು ಮೆತ್ತನೆ ವೈರ್ ಶುರುವಾಗುವ ಜಾಗ ನಾಜೂಕು. ಕನೆಕ್ಟರ್ ಬುರುಡೆಯ ಮೇಲೆ ಕೂರದೆ ಕುತ್ತಿಗೆಗೆ ಜಾರಿದರೆ ಲೀಡ್ ಮುರಿಯುವ ಅಪಾಯ ಜಾಸ್ತಿ.

ನಮ್ಮಲ್ಲಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಚೆನ್ನಾಗಿದ್ದ ಬಲಗೈಗೆ ಮತ್ತೆ ನಡುಕ. ಅದೂ ಬಿಟ್ಟು ಬಿಟ್ಟು. ಬೇರೆ ಕಡೆ ಮಾತ್ರೆ ಏರಿಸಿದ್ದರು, ಕರೆಂಟೂ ಏರಿಸಿದ್ದರು. ಕುರ್ಚಿಯಲ್ಲಿ ಕೂರಿಸಿ ಇಂಪಿಡೆನ್ಸ್, ಅಂದರೆ ಕರೆಂಟ್ ಹರಿಯೋದಕ್ಕೆ ಇರುವ ತಡೆ, ನೋಡಿದರೆ ಸಾವಿರ ಓಮ್ ಆಸುಪಾಸು, ಏನೂ ತೊಂದರೆ ಇಲ್ಲ. ಆಗ ಅವರ ಮನೆಯವರು, "ಟಿವಿ ನೋಡೋವಾಗ ಆರಾಮಾಗಿರ್ತಾರೆ ಡಾಕ್ಟ್ರೇ, ನನ್ನ ಕಡೆ ತಿರುಗಿದ್ರೆ ನಡುಕ ಶುರು" ಅಂದರು. ನಗಬೇಡಿ, ಮೇಷ್ಟ್ರೇ ಮೊದಲು ನಕ್ಕಿದ್ದು. ಟಿವಿ ನೇರಕ್ಕೆ, ಅಮ್ಮನವರ ಕುರ್ಚಿ ಎಡಕ್ಕೆ. ಮೇಷ್ಟ್ರ ತಲೆಯನ್ನು ಎಡಕ್ಕೆ ತಿರುಗಿಸಿಟ್ಟು ಮತ್ತೆ ಅಳೆದೆವು. ಯಂತ್ರಕ್ಕೆ ಅಳೆಯಲಾಗದಷ್ಟು ಇಂಪಿಡೆನ್ಸ್. ನೇರ ಮಾಡಿದರೆ ಮತ್ತೆ ಸಾವಿರ. ಒಳಗಿನ ತಂತಿ ತುಂಡಾಗಿತ್ತು, ಆದರೆ ಮೇಲಿನ ಹೊದಿಕೆ ಎರಡು ತುದಿಗಳನ್ನೂ ತಾಗಿಸಿ ಹಿಡಿದಿತ್ತು. ಎಕ್ಸ್-ರೇಯಲ್ಲಿ ಕಾಣಲೇ ಇಲ್ಲ. ಮುರಿದದ್ದು ಎಕ್ಸ್‌ಟೆನ್ಷನ್ ಮಾತ್ರ, ಬುರುಡೆ ತೆರೆಯದೆ ಬದಲಾಯಿಸಿದೆವು. ರೋಗ ಹೆಚ್ಚಾಯ್ತು ಅಂತ ತೀರ್ಮಾನ ಮಾಡಿದ್ದರೆ ಅವರು ಇವತ್ತಿಗೂ ಮಾತ್ರೆ ಜಾಸ್ತಿ ನುಂಗುತ್ತಾ ಇರುತ್ತಿದ್ದರು. ಅದಕ್ಕೇ ಹೇಳೋದು, ಮೊದಲು ವೈರ್ ನೋಡಿ. ಕೂತು, ನಿಂತು, ಕುತ್ತಿಗೆ ತಿರುಗಿಸಿ ನೋಡಿ.

ಹೊದಿಕೆ ಮಾತ್ರ ಬಿರುಕು ಬಿಟ್ಟರೆ ಕಥೆಯೇ ಬೇರೆ. ಕರೆಂಟ್ ದಾರಿಯಲ್ಲೇ ಸೋರಬಹುದು. ಕುತ್ತಿಗೆಯಲ್ಲಿ ಜುಮ್ ಅನ್ನಬಹುದು, ಶಾಕ್ ಹೊಡೆದ ಹಾಗೆ ಆಗಬಹುದು, ಇಂಪಿಡೆನ್ಸ್ ಕಡಿಮೆ ತೋರಿಸಬಹುದು.

ಇನ್ನು ಕೈ ಸುಮ್ಮನಿರದವರ ವಿಷಯ. ಟ್ವಿಡ್ಲರ್ ಸಿಂಡ್ರೋಮ್ ಅಂತ ಒಂದಿದೆ. 1968ರಲ್ಲಿ ಕೆನಡಾದ ವೈದ್ಯರು ಪೇಸ್‌ಮೇಕರ್ ಹಾಕಿದ ರೋಗಿಯಲ್ಲಿ ಇದನ್ನು ವರದಿ ಮಾಡಿದರು. ಚರ್ಮದ ಅಡಿಯ ಬ್ಯಾಟರಿ ಡಬ್ಬಿಯನ್ನು ಬೆರಳಲ್ಲಿ ತಿರುಗಿಸ್ತಾ ಇದ್ದರೆ ವೈರ್ ಹುರಿಗೊಂಡು, ಗಿಡ್ಡವಾಗಿ, ಎಳೆದುಕೊಳ್ಳುತ್ತದೆ. ಡಿಬಿಎಸ್‌ನಲ್ಲೂ ಆಗಿದೆ. ಎಲ್ಲರೂ ಬೇಕಂತಲೇ ತಿರುಗಿಸೋದಿಲ್ಲ. ಡಬ್ಬಿಯ ಸುತ್ತ ಜಾಗ ಸಡಿಲ ಇದ್ದರೆ ಅದು ತಾನಾಗಿಯೂ ಮಗುಚಬಹುದು. ಅಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೀರಿ. ಮುಟ್ಟಬಹುದು, ತಿರುಗಿಸಬೇಡಿ!

ಚೀಟಿ ಬಂತು, ಐದು ನಿಮಿಷ ಅಂತೆ. ನೋವು ತಗ್ಗಿಸೋಕೆ ಬೆನ್ನುಹುರಿಗೆ ಕರೆಂಟ್ ಕೊಡುವ ಸ್ಟಿಮ್ಯುಲೇಟರ್ ಬಗ್ಗೆ ಹೇಳಬೇಕಿತ್ತು. ಅಲ್ಲಿ ಮುರಿಯೋದಕ್ಕಿಂತ ಲೀಡ್ ಜಾರೋದೇ ದೊಡ್ಡ ತಲೆನೋವು. ನೋವಿರುವ ಜಾಗ ಬಿಟ್ಟು ಬೇರೆಲ್ಲೋ ಜುಮ್ ಅನ್ನುತ್ತಿದ್ದರೆ ಅನುಮಾನ ಪಡಿ. ಕುತ್ತಿಗೆಯಲ್ಲಿ ವೈರ್ ಹಗ್ಗದ ಹಾಗೆ ಬಿಗಿದು ಎದ್ದು ಕಂಡರೂ ತೋರಿಸಿ, ಮಸಾಜ್ ಮಾಡಿಸಬೇಡಿ. ಭುಜ ನೋವಿಗೆ ಫಿಸಿಯೋಥೆರಪಿಗೆ ಹೋದರೆ ಡಯಾಥರ್ಮಿ, ಅಂದರೆ ಯಂತ್ರದಿಂದ ಮೈಯೊಳಗೆ ಶಾಖ ಹುಟ್ಟಿಸುವ ಚಿಕಿತ್ಸೆ, ಬೇಡ ಅನ್ನಿ. ಆ ಯಂತ್ರದ ಶಕ್ತಿ ಲೀಡ್ ಮೂಲಕ ಹೋಗಿ ಮೆದುಳನ್ನೇ ಸುಡಬಹುದು.

ಪ್ರಶ್ನೆಗಳಿಗೆ ಸಮಯ ಇಲ್ಲ ಅಂತಿದ್ದಾರೆ. ಎಕ್ಸ್-ರೇ ಫಿಲ್ಮ್ ತಂದಿರುವವರು ಊಟದ ಹೊತ್ತಿಗೆ ಕಿಟಕಿ ಪಕ್ಕದ ಮೇಜಿಗೆ ಬನ್ನಿ, ನೋಡೋಣ.