ನಮ್ಮ ಎಚ್‌ಕೆ ಸರ್ಟಿಫಿಕೇಟ್ ಹುಟ್ಟಿದ್ದು ಸಂಸತ್ತಿನಲ್ಲಿ

(ದೃಶ್ಯ: ಕಲಬುರಗಿಯ ಮಿನಿ ವಿಧಾನಸೌಧ. ಕೈಯಲ್ಲಿ ಫೈಲ್ ಹಿಡಿದ ಹುಡುಗ ಹುಡುಗಿಯರು.)

ನಮಸ್ಕಾರ. ಸಿಇಟಿ ರಿಸಲ್ಟ್ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: "ಎಚ್‌ಕೆ ಸರ್ಟಿಫಿಕೇಟ್ ಮಾಡ್ಸೀರೇನು?" ಎಚ್‌ಕೆ ಅಂದರೆ ಹೈದರಾಬಾದ್ ಕರ್ನಾಟಕ, ಈಗಿನ ಕಲ್ಯಾಣ ಕರ್ನಾಟಕ. ನಾವು ಈ ಭಾಗದವರು ಅನ್ನುವ ಆ ಪತ್ರ ಇದ್ದರೆ ಇಲ್ಲಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಭಾಗದ ಮಕ್ಕಳಿಗೆ, ರಾಜ್ಯದ ಉಳಿದ ಕಡೆ ಶೇ 8ರಷ್ಟು. ಇದು ಸಿಕ್ಕಿದ್ದು ಹೇಗೆ ಗೊತ್ತಾ?

1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಶಾಲೆ, ನೀರಾವರಿ, ನೌಕರಿ ಎಲ್ಲದರಲ್ಲೂ ಹಿಂದೆ ಬಿದ್ದೆವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲರಂಥ ನಾಯಕರು ವರ್ಷಗಟ್ಟಲೆ ಹೋರಾಡಿದರು. ಆದರೆ ಬೆಂಗಳೂರಿನ ಸರ್ಕಾರ ಮನಸ್ಸು ಮಾಡಿದರೂ ಸಾಲುತ್ತಿರಲಿಲ್ಲ. ಹುಟ್ಟಿದ ಊರು ನೋಡಿ ಸರ್ಕಾರಿ ನೌಕರಿ ಕೊಡಲು ಸಂವಿಧಾನದ 16ನೇ ವಿಧಿ ಅಡ್ಡ ಇತ್ತು. ಸಂವಿಧಾನ ತಿದ್ದುವುದು ಸಂಸತ್ತಿನ ಕೆಲಸ.

ಅದು ಸುಲಭವೂ ಅಲ್ಲ. ಮಾಮೂಲಿ ಮಸೂದೆಗೆ ಅವತ್ತು ವೋಟು ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಿದರೆ ಸಾಕು. ತಿದ್ದುಪಡಿಗೆ ಹಾಗಲ್ಲ. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬೇಕು, ಅವತ್ತು ವೋಟು ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲೂ ಬೇಕು. ಲೋಕಸಭೆ, ರಾಜ್ಯಸಭೆ ಎರಡರಲ್ಲೂ. ಲೋಕಸಭೆಯಲ್ಲಿ ಕರ್ನಾಟಕದ ಸೀಟು ಬರೀ 28. ಅಂದರೆ 2012ರ ಡಿಸೆಂಬರ್‌ನಲ್ಲಿ ಬೇರೆ ರಾಜ್ಯಗಳ ನೂರಾರು ಸಂಸದರು ಬೀದರ್, ಯಾದಗಿರಿಯ ಮಕ್ಕಳಿಗಾಗಿ ವೋಟು ಹಾಕಿದರು! ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಸಂವಿಧಾನದ 98ನೇ ತಿದ್ದುಪಡಿ, ನಮ್ಮ ಭಾಗಕ್ಕೆ ಸೀಟು, ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ 371(ಜೆ) ವಿಧಿ ಬಂದದ್ದು ಹೀಗೆ.

(ದೃಶ್ಯ: ಎಪಿಎಂಸಿಯಲ್ಲಿ ತೊಗರಿ ಚೀಲಗಳು.)

ಈಗ ತೊಗರಿಗೆ ಬನ್ನಿ. ಬೆಂಬಲ ಬೆಲೆ ಘೋಷಿಸುವುದು ಕೇಂದ್ರ. ಹೊರದೇಶದ ತೊಗರಿ ಒಳಗೆ ಬಿಡುವುದೂ ಕೇಂದ್ರವೇ. ಇದನ್ನು ಯಾರು ಕೇಳಬೇಕು? ನಾವು ಆರಿಸಿ ಕಳಿಸಿದ ಸಂಸದರೇ ಅಲ್ವಾ? ಪ್ರಶ್ನೋತ್ತರ ವೇಳೆ ಇರುವುದೇ ಅದಕ್ಕೆ. ಚುಕ್ಕೆ ಗುರುತಿನ ಪ್ರಶ್ನೆಯ ಸರದಿ ಬಂದರೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು. ಉಳಿದವಕ್ಕೆ ಬರೆದು ಕೊಡುತ್ತಾರೆ.

ನಾವೋ, ಸಂಸದರು ಊರಿಗೆ ಬಂದರೆ ಚರಂಡಿ, ಬೀದಿದೀಪ ಕೇಳುತ್ತೇವೆ. ತಪ್ಪಂತಲ್ಲ, ಕಷ್ಟ ಇದೆ, ಕೇಳುತ್ತೇವೆ. ಆದರೆ ಅದಕ್ಕೆ ಪಾಲಿಕೆ ಇದೆ, ಪಂಚಾಯಿತಿ ಇದೆ. ಮುಂದಿನ ಸಲ ಹೀಗೆ ಕೇಳಿ: "ಸಾಹೇಬ್ರೇ, ಈ ಅಧಿವೇಶನದಾಗ ತೊಗರಿ ಬಗ್ಗೆ ಏನ್ ಕೇಳಿದ್ರಿ?"

ಯಾರು ಏನು ಕೇಳಿದರು, ಸಚಿವರು ಏನಂದರು, ಎಲ್ಲವೂ ಲೋಕಸಭೆಯ ವೆಬ್‌ಸೈಟಿನಲ್ಲಿದೆ. ನಿಮ್ಮ ಸಂಸದರ ಹೆಸರು ಹಾಕಿ ಹುಡುಕಿ. ಸಿಕ್ಕ ಪ್ರಶ್ನೆಗಳನ್ನು ಕಮೆಂಟಿನಲ್ಲಿ ಹಾಕಿ. ಮುಂದಿನ ವಿಡಿಯೋದಲ್ಲಿ ಅವನ್ನೇ ಓದೋಣ.