ಗ್ಯಾಸ್ಟ್ರಿಕ್ ಬ್ಯಾಂಡ್ ಆದ್ಮೇಲೆ ನನ್ನ ಒಂದು ದಿನದ ಊಟ, ಮತ್ತೆ ಆ ಚಿಕನ್ ತುಂಡಿನ ಕಥೆ

ನಮಸ್ಕಾರ ಎಲ್ಲರಿಗೂ, ಬೆಳಗ್ಗೆ ಎಂಟು ಗಂಟೆ, ಅಡುಗೆಮನೇಲಿ ಬೆಳಕು ಸ್ವಲ್ಪ ಕಮ್ಮಿ ಇದೆ, ಆದ್ರೂ ಶುರು ಮಾಡೋಣ. ತೂಕ ಇಳಿಸೋಕೆ ಹೊಟ್ಟೆಗೆ ಬ್ಯಾಂಡ್ ಹಾಕೋ ಆಪರೇಷನ್ ಆಗಿ ಹದಿನಾಲ್ಕು ತಿಂಗ್ಳಾಯ್ತು, "ಏನ್ ತಿಂತೀರ, ಎಷ್ಟು ತಿಂತೀರ, ಒಂದು ದಿನ ಪೂರ್ತಿ ತೋರ್ಸಿ" ಅಂತ ತುಂಬಾ ಜನ ಕೇಳ್ತಾನೇ ಇದ್ರಿ. ಇವತ್ತು ಅದೇ.

ಮೊದಲು ಬಿಸಿನೀರು. ಇದು ತೂಕ ಇಳಿಸೋಕಲ್ಲ, ಹಾಗಂತ ಯಾರೂ ಅಂದ್ಕೋಬೇಡಿ. ಬೆಳಗ್ಗೆ ಹೊತ್ತು ಬ್ಯಾಂಡ್ ಬಿಗಿಯಾಗಿ ಇರತ್ತೆ, ನನಗೊಬ್ಬಳಿಗೇ ಅಲ್ಲ, ಬ್ಯಾಂಡ್ ಇರೋರು ಬಹಳ ಜನ ಇದನ್ನ ಹೇಳ್ತಾರೆ. ಎದ್ದ ತಕ್ಷಣ ಏನಾದ್ರೂ ಗಟ್ಟಿ ತಿಂದ್ರೆ ಎದೆ ಹತ್ರಾನೇ ನಿಂತ್ಬಿಡತ್ತೆ. ಅದಕ್ಕೆ ಬೆಚ್ಚಗಿರೋದು ಏನಾದ್ರೂ ನಿಧಾನಕ್ಕೆ ಗುಟುಕು ಗುಟುಕಾಗಿ ಕುಡಿದು, ಅರ್ಧ ಗಂಟೆ ಬಿಟ್ಟು, ಆಮೇಲೆ ತಿಂಡಿ. ಟೆನ್ಷನ್ ಇದ್ದ ದಿನ ಇನ್ನೂ ಬಿಗಿ. ಪಿರಿಯಡ್ಸ್ ಟೈಮಲ್ಲೂ ಹಾಗೇನೇ.

ಮೊಟ್ಟೆ ಬೇಯ್ತಿದೆ, ಅಷ್ಟ್ರಲ್ಲಿ ಹೊಸಬ್ರಿಗೆ ಒಂದ್ನಿಮಿಷ ಹೇಳ್ಬಿಡ್ತೀನಿ. ಬ್ಯಾಂಡ್ ಅಂದ್ರೆ ಸಿಲಿಕೋನ್‌ದು ಒಂದು ಉಂಗುರ, ಹೊಟ್ಟೆಯ ಮೇಲ್ಭಾಗಕ್ಕೆ ಸುತ್ತಿ ಹಾಕಿರ್ತಾರೆ. ಅದರ ಮೇಲೆ ಪುಟ್ಟ ಚೀಲದ ಥರ ಸ್ವಲ್ಪ ಜಾಗ ಉಳಿಯತ್ತೆ, ಶುರುವಲ್ಲಿ 15ರಿಂದ 30 ಎಂಎಲ್ ಅಷ್ಟೇ, ಅಂದ್ರೆ ಒಂದೆರಡು ದೊಡ್ಡ ಚಮಚ. ಉಂಗುರದಿಂದ ಒಂದು ತೆಳ್ಳಗಿನ ಟ್ಯೂಬ್ ಬಂದು ಚರ್ಮದ ಕೆಳಗೆ ಇರೋ ಪೋರ್ಟ್‌ಗೆ ಸೇರತ್ತೆ. ಆ ಪೋರ್ಟ್‌ಗೆ ಸೂಜಿ ಹಾಕಿ ಸಲೈನ್ ತುಂಬಿದ್ರೆ ಬ್ಯಾಂಡ್ ಬಿಗಿ ಆಗತ್ತೆ, ತೆಗೆದ್ರೆ ಸಡಿಲ ಆಗತ್ತೆ, ಇದನ್ನೇ ಫಿಲ್ ಅನ್ನೋದು. ಈ ಬಿಗಿ-ಸಡಿಲ ಮಾಡೋಕೆ ಬರೋ ಬ್ಯಾಂಡ್ ಅನ್ನ 1986ರಲ್ಲಿ ಲ್ಯುಬೊಮಿರ್ ಕುಜ್ಮಾಕ್ ಅನ್ನೋ ಸರ್ಜನ್ ತಂದ್ರು, ಆಮೇಲೆ 1993ರಲ್ಲಿ ಬೆಲ್ಜಿಯಂನಲ್ಲಿ ಮಿತಿಕು ಬೆಲಾಚೆವ್ ಅವ್ರು ಇದನ್ನ ಕೀಹೋಲ್ ಆಪರೇಷನ್‌ನಲ್ಲೇ ಹಾಕಿ ತೋರ್ಸಿದ್ರು. ಮೊದಮೊದಲು ಹಾಕ್ತಿದ್ದ ಬ್ಯಾಂಡ್‌ಗಳು ಒಂದೇ ಅಳತೆ, ಬಿಗಿ ಆದ್ರೆ ಬಿಗಿಯೇ. ಸಡಿಲ ಮಾಡೋಕೆ ಬರತ್ತಲ್ಲ, ಅದರ ಬೆಲೆ ನನಗೆ ಗೊತ್ತು, ಯಾಕೆ ಅಂತ ಮುಂದೆ ಹೇಳ್ತೀನಿ, ಮೊಟ್ಟೆ ಆಯ್ತು ಅನ್ಸತ್ತೆ.

ಹ್ಞಾ, ಇದು ಪ್ಲೇಟು. ದೊಡ್ಡ ತಟ್ಟೆ ನಾನು ಬಿಟ್ಟೇಬಿಟ್ಟೆ. ದೊಡ್ಡ ತಟ್ಟೇಲಿ ಇಷ್ಟೇ ಇಷ್ಟು ಹಾಕ್ಕೊಂಡು ಕೂತ್ರೆ ಏನೋ ಕಳ್ಕೊಂಡ ಹಾಗೆ ಅನ್ಸತ್ತೆ, ಚಿಕ್ಕ ಪ್ಲೇಟಲ್ಲಿ ಅದೇ ಊಟ ತುಂಬಿದ ಹಾಗೆ ಕಾಣತ್ತೆ. ಚಮಚ ಮಕ್ಕಳದು. ತುತ್ತು ನಿಮ್ಮ ಕಿರುಬೆರಳಿನ ಉಗುರಿಗಿಂತ ದೊಡ್ಡದಿರಬಾರ್ದು. ಬಾಯಲ್ಲಿ ಪೇಸ್ಟ್ ಆಗೋವರೆಗೂ ಅಗೀಬೇಕು, ಇಪ್ಪತ್ತು ಸಲ ಇಪ್ಪತ್ತೈದು ಸಲ. ನುಂಗಿದ್ಮೇಲೆ ಚಮಚ ಕೆಳಗಿಟ್ಟು ಒಂದು ನಿಮಿಷ ಸುಮ್ನೆ ಕೂರ್ಬೇಕು. ಈ ಒಂದು ನಿಮಿಷ ಯಾಕೆ ಅಂದ್ರೆ, ಒಂದು ತುತ್ತು ಬ್ಯಾಂಡ್ ದಾಟೋಕೆ ಅನ್ನನಾಳ ಒಂದ್ಸಲ ಅಲ್ಲ, ಹಲವು ಸಲ ಹಿಂಡಿ ಹಿಂಡಿ ತಳ್ಬೇಕು. ಆ ತುತ್ತು ದಾಟೋ ಮುಂಚೆ ಇನ್ನೊಂದು ಹಾಕಿದ್ರೆ ಒಂದರ ಮೇಲೊಂದು ಕೂತ್ಕೊಳ್ಳತ್ತೆ, ಅಲ್ಲಿಗೆ ಮುಗೀತು.

ಟೈಮರ್ ಇಟ್ಟಿದೀನಿ, ಇಪ್ಪತ್ತೈದು ನಿಮಿಷ. ನೀರು ಟೇಬಲ್ ಮೇಲೆ ಇಲ್ಲ ನೋಡಿ, ಊಟದ ಜೊತೆ ನೀರಿಲ್ಲ, ಆದ್ಮೇಲೂ ಒಂದು ಗಂಟೆ ಇಲ್ಲ. ಇದು ನನಗೆ ಆಪರೇಷನ್‌ಗಿಂತ ಕಷ್ಟ ಆಗಿದ್ದು, ನಿಜ ಹೇಳ್ತೀನಿ. ಚಿಕ್ಕವಳಿದ್ದಾಗಿಂದ ಪಕ್ಕದಲ್ಲಿ ಲೋಟ ಇಟ್ಕೊಂಡೇ ಊಟಕ್ಕೆ ಕೂತವ್ಳು ನಾನು, ಕೈ ತಾನಾಗೇ ಲೋಟ ಹುಡುಕತ್ತೆ. ಈಗ್ಲೂ.

ಮಧ್ಯಾಹ್ನಕ್ಕೆ ಕಟ್ ಮಾಡ್ತಿದೀನಿ.

ಚಿಕನ್. ಹೌದು, ನಾನು ಮತ್ತೆ ಚಿಕನ್ ತಿಂತಿದೀನಿ. ಹಳೇ ವಿಡಿಯೋದಲ್ಲಿ "ಜನ್ಮದಲ್ಲಿ ಚಿಕನ್ ಮುಟ್ಟಲ್ಲ" ಅಂದಿದ್ದೆ, ಮಾತು ವಾಪಸ್ ತಗೋತೀನಿ. ತೊಡೆ ಭಾಗದ ಮಾಂಸ, ಚೆನ್ನಾಗಿ ಬೆಂದಿರೋದು, ರಸದಲ್ಲೇ ಇರೋದು, ಸಣ್ಣಗೆ ಹೆಚ್ಚಿದ್ದು ಆದ್ರೆ ಪರವಾಗಿಲ್ಲ. ಎದೆ ಮಾಂಸ ಒಣಗಿರೋದು ಮಾತ್ರ ಬೇಡವೇ ಬೇಡ, ಅದನ್ನ ಬಿಸಿ ಮಾಡಿ ಮತ್ತೆ ಬಿಸಿ ಮಾಡಿ ತಿಂದ್ರಂತೂ ದಾರದ ಉಂಡೆ ನುಂಗಿದ ಹಾಗೆ.

ಆ ಕಥೆ ಪೂರ್ತಿ ಹೇಳಿರ್ಲಿಲ್ಲ, ಇವತ್ತು ಹೇಳ್ತೀನಿ, ಯಾಕಂದ್ರೆ ಇದು ಮೊದಲೇ ಯಾರಾದ್ರೂ ಹೇಳಿದ್ರೆ ನಾನು ಅಷ್ಟು ಹೆದರ್ತಿರ್ಲಿಲ್ಲ. ಆಪರೇಷನ್ ಆಗಿ ಐದನೇ ತಿಂಗಳು. ಅಕ್ಕನ ಮನೇಲಿ ಊಟ. ಎಲ್ಲರೂ ಸೇರಿದೀವಿ, ಮಾತು ಜೋರು, ನಾನೂ ಮಾತಾಡ್ತಾ ಮಾತಾಡ್ತಾ ಒಂದು ಚಿಕನ್ ತುಂಡು ಬಾಯಿಗೆ ಹಾಕ್ಕೊಂಡೆ, ಚಿಕ್ಕಮ್ಮ ಏನೋ ಕೇಳಿದ್ರು, ಉತ್ತರ ಕೊಡೋ ಅವಸರದಲ್ಲಿ ಐದಾರು ಸಲ ಅಗಿದು ನುಂಗ್ಬಿಟ್ಟೆ. ಅಷ್ಟೇ ಆಗಿದ್ದು. ಹತ್ತು ಸೆಕೆಂಡ್ ಏನೂ ಗೊತ್ತಾಗ್ಲಿಲ್ಲ. ಆಮೇಲೆ ಎದೆ ಮಧ್ಯದಲ್ಲಿ, ಇಲ್ಲಿ, ಈ ಮೂಳೆ ಹಿಂದೆ, ಒಂದು ಕಲ್ಲು ಇಟ್ಟ ಹಾಗೆ ಒತ್ತೋಕೆ ಶುರು ಆಯ್ತು. ನೋವು ಬೆನ್ನಿಗೆ ಹೋಯ್ತು, ಭುಜಕ್ಕೆ ಹೋಯ್ತು, ಹಾರ್ಟ್ ಪ್ರಾಬ್ಲಮ್ಮೇನೋ ಅಂತ ಕೈಕಾಲು ತಣ್ಣಗಾಯ್ತು.

ಆಗ ನಾನು ಮಾಡಿದ ತಪ್ಪು, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಒಂದು ಲೋಟ ನೀರು ಕುಡಿದೆ. ನೀರು ಕುಡಿದ್ರೆ ಕೆಳಗೆ ಇಳಿಯತ್ತೆ ಅಂತ ಯಾರಿಗಾದ್ರೂ ಅನ್ಸೋದೇ ಅಲ್ವಾ? ಇಳಿಯಲ್ಲ. ದಾರಿ ಮುಚ್ಚಿದೆ, ನೀರು ಹೋಗೋದಾದ್ರೂ ಎಲ್ಲಿಗೆ, ಅದೂ ಆ ತುಂಡಿನ ಮೇಲೇ ನಿಲ್ಲತ್ತೆ, ಒತ್ತಡ ಎರಡು ಪಟ್ಟು. ಆಮೇಲೆ ಜೊಲ್ಲು. ನಾವು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ನುಂಗ್ತೀವಿ, ಗೊತ್ತೇ ಆಗಲ್ಲ, ಅದು ಹೋಗದೇ ಇದ್ದಾಗ ಗೊತ್ತಾಗತ್ತೆ. ದಪ್ಪ ಲೋಳೆ ಥರ ಬಾಯಿ ತುಂಬಾ ಬರ್ತಾನೇ ಇತ್ತು, ಉಗಿದಷ್ಟೂ ಬರ್ತಾನೇ ಇತ್ತು. ಬಾತ್‌ರೂಮ್ ಬಾಗಿಲು ಹಾಕ್ಕೊಂಡು ಸಿಂಕ್ ಹಿಡ್ಕೊಂಡು ನಿಂತಿದೀನಿ, ಹೊರಗಡೆ ಅಕ್ಕ "ಏನಾಯ್ತೇ, ಬಾಗಿಲು ತೆಗಿಯೇ" ಅಂತ ಬಡೀತಿದಾಳೆ, ನನಗೆ ಮಾತಾಡೋಕೂ ಆಗ್ತಿಲ್ಲ. ಎರಡು ಗಂಟೆ ನಲವತ್ತು ನಿಮಿಷ. ಕೊನೆಗೆ ಆ ತುಂಡು ಹೇಗೆ ಹೋಗಿತ್ತೋ ಹಾಗೇ ವಾಪಸ್ ಬಂತು. ವಾಂತಿ ಥರ ಅಲ್ಲ, ಹುಳಿ ಇಲ್ಲ ಕಹಿ ಇಲ್ಲ, ಯಾಕಂದ್ರೆ ಅದು ಕೆಳಗಿನ ಹೊಟ್ಟೆಗೆ ಹೋಗೇ ಇರ್ಲಿಲ್ಲ.

ಅದಾದ್ಮೇಲೆ ಹಸಿವಾಗತ್ತಲ್ಲ, ಮತ್ತೆ ತಿನ್ನೋಣ ಅನ್ಸತ್ತೆ. ತಿನ್ನಬಾರ್ದು. ಒಳಗೆ ಉಜ್ಜಿ ಊದ್ಕೊಂಡಿರತ್ತೆ, ಇಪ್ಪತ್ನಾಲ್ಕು ಗಂಟೆ ಬರೀ ಲಿಕ್ವಿಡ್, ಅದು ಸರಿಯಾಗಿ ಇಳಿದ್ರೆ ಮೆತ್ತಗಿನದು, ಆಮೇಲೆ ಗಟ್ಟಿ. ಮತ್ತೆ ಮತ್ತೆ ಹೀಗೆ ವಾಪಸ್ ಬರ್ತಾ ಇದ್ರೆ ಹೊಟ್ಟೆ ಮೇಲಕ್ಕೆ ಸರಿದು ಬ್ಯಾಂಡ್ ಜಾರೋ ಅಪಾಯ ಇದೆ, ಅದಕ್ಕೆ "ವಾಂತಿ ಆದ್ರೆ ಆಗ್ಲಿ" ಅಂತ ಅಭ್ಯಾಸ ಮಾಡ್ಕೋಬೇಡಿ. ನೀರು ಕೂಡ ನಿಲ್ತಿಲ್ಲ ಅಂದ್ರೆ ಕಾಯ್ಬೇಡಿ, ಆಪರೇಷನ್ ಮಾಡಿದ ಟೀಮ್‌ಗೆ ತಕ್ಷಣ ಫೋನ್ ಮಾಡಿ, ಸಲೈನ್ ತೆಗೆದು ಸಡಿಲ ಮಾಡ್ತಾರೆ. ಐದು ನಿಮಿಷದ ಕೆಲಸ ಅದು.

ನೋಡಿ, ಮಾತಾಡ್ತಾ ಟೈಮರ್ ಅರ್ಧ ಆಯ್ತು, ಎಂಟು ತುತ್ತು ಆಗಿದೆ. ಆ ದಿನ ಆದ್ಮೇಲೆ ಊಟ ಮಾಡ್ವಾಗ ಯಾರ ಜೊತೇನೂ ಮಾತಾಡಲ್ಲ, ಈಗ ನಿಮ್ಮ ಹತ್ರ ಮಾತಾಡ್ತಿರೋದು ಆಮೇಲೆ ರೆಕಾರ್ಡ್ ಮಾಡಿದ್ದು, ವಿಡಿಯೋದಲ್ಲಿ ಬಾಯಿ ಬರೀ ಅಗೀತಿದೆ ನೋಡಿ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬರೋ ವಿಷಯ. ಆ ಚಿಕನ್ ಘಟನೆ ಆದ್ಮೇಲೆ ನಾನು ಗಟ್ಟಿ ಊಟಕ್ಕೆ ಹೆದರ್ಬಿಟ್ಟೆ. ಅದ್ರ ಮೇಲೆ ತೂಕ ಇಳಿಯೋದು ನಿಂತಿತ್ತು ಅಂತ ಫಿಲ್ ಬೇರೆ ಕೇಳಿ ಹಾಕಿಸ್ಕೊಂಡೆ, ಬಿಗಿ ಆದಷ್ಟೂ ಒಳ್ಳೇದು ಅಂತ ನನ್ನ ನಂಬಿಕೆ. ಆಗ ಏನಾಯ್ತು? ಗಟ್ಟಿದು ಏನೂ ಇಳೀತಿಲ್ಲ, ರಾತ್ರಿ ಮಲ್ಗಿದ್ರೆ ಕೆಮ್ಮು, ಗಂಟಲಿಗೆ ಹುಳಿ. ಇಳಿಯೋದು ಯಾವ್ದು? ಐಸ್‌ಕ್ರೀಮ್. ಮಿಲ್ಕ್‌ಶೇಕ್. ಚಾಕೊಲೇಟ್. ಬಾಯಲ್ಲಿ ಕರಗೋ ಬಿಸ್ಕೆಟ್. ಇದೆಲ್ಲ ಬ್ಯಾಂಡ್ ಇದೆ ಅಂತಾನೇ ಗೊತ್ತಿಲ್ಲದ ಹಾಗೆ ಜಾರ್ಕೊಂಡು ಹೋಗತ್ತೆ, ಹೊಟ್ಟೆ ತುಂಬೋದೂ ಇಲ್ಲ, ಒಂದು ಗಂಟೆಗೆ ಮತ್ತೆ ಹಸಿವು. ಗ್ಯಾಸ್ಟ್ರಿಕ್ ಬೈಪಾಸ್, ಅಂದ್ರೆ ತೂಕ ಇಳಿಸೋಕೆ ಹೊಟ್ಟೆಗೆ ಮಾಡೋ ಇನ್ನೊಂದು ಥರದ ಆಪರೇಷನ್, ಮಾಡಿಸ್ಕೊಂಡ ಎಷ್ಟೋ ಜನಕ್ಕೆ ಸಿಹಿ ಜಾಸ್ತಿ ತಿಂದ್ರೆ ತಲೆಸುತ್ತು, ಬೆವರು, ಭೇದಿ ಆಗತ್ತೆ, ದೇಹವೇ ಬೇಡ ಅನ್ನತ್ತೆ. ಬ್ಯಾಂಡ್‌ನಲ್ಲಿ ಆ ಕಾವಲು ಇಲ್ಲ. ತಿಂದಿದ್ದೆಲ್ಲ ಮಾಮೂಲಿ ಥರಾನೇ ಜೀರ್ಣ ಆಗಿ ಮೈಗೆ ಸೇರತ್ತೆ. ಆರು ವಾರದಲ್ಲಿ ಮೂರು ಕೆಜಿ ಏರಿದೆ ನಾನು, ತಿಂತಿದ್ದಿದ್ದು ನೋಡಿದ್ರೆ ಇಷ್ಟಿಷ್ಟೇ.

ಮನೇಲಿ ಎಲ್ಲರೂ "ಪಾಪ, ಏನೂ ತಿನ್ನಲ್ಲ ಇವ್ಳು, ಐಸ್‌ಕ್ರೀಮ್ ಆದ್ರೂ ತಿನ್ಲಿ" ಅಂತ ತಂದು ತಂದು ಕೊಡೋರು. ಪ್ರೀತಿಯಿಂದಾನೇ. ಅದನ್ನ ಬೇಡ ಅನ್ನೋದು ನನಗೆ ತುಂಬಾ ಕಷ್ಟ ಆಗಿತ್ತು, ಅಮ್ಮನ ಮುಖ ನೋಡೋಕೆ ಆಗ್ತಿರ್ಲಿಲ್ಲ.

ಕೊನೆಗೆ ಡಯಟಿಷಿಯನ್ ಮೇಡಂ ನಾನು ಬರೆದಿದ್ದ ಊಟದ ಡೈರಿ ನೋಡಿ, "ನಿಮಗೆ ಬ್ಯಾಂಡ್ ಸಡಿಲ ಇಲ್ಲ, ಬಿಗಿ ಜಾಸ್ತಿ ಆಗಿದೆ" ಅಂದ್ರು. ನಾನು ಜಗಳಾನೇ ಆಡಿದೆ ಅವ್ರ ಜೊತೆ. ತೂಕ ಏರ್ತಿದ್ರೆ ಇನ್ನೂ ಬಿಗಿ ಮಾಡ್ಬೇಕಲ್ವಾ ಅಂತ. ಅವ್ರು ಸಮಾಧಾನವಾಗಿ ಹೇಳಿದ್ರು, ಬ್ಯಾಂಡ್ ಕೆಲಸ ಮಾಡೋದು ಗಟ್ಟಿ ಊಟದ ಮೇಲೆ ಅಮ್ಮ, ಗಟ್ಟಿ ತುತ್ತು ನಿಧಾನಕ್ಕೆ ದಾಟೋವಾಗ ಅಲ್ಲಿರೋ ನರಗಳಿಗೆ ಒತ್ತಿ "ಸಾಕು" ಅನ್ನೋ ಸಂದೇಶ ಹೋಗತ್ತೆ, ಕುಡಿಯೋದ್ರಿಂದ ಅದು ಹೋಗಲ್ಲ ಅಂತ. ಸ್ವಲ್ಪ ಸಲೈನ್ ತೆಗೆದ್ರು. ಎರಡು ದಿನ ಬಿಟ್ಟು ಬೆಂದ ಮೀನು ತಿಂದೆ, ಅರ್ಧ ಕಪ್ ಕೂಡ ಇರ್ಲಿಲ್ಲ, ನಾಲ್ಕು ಗಂಟೆ ಹಸಿವಾಗ್ಲಿಲ್ಲ. ಅಳು ಬಂತು ನನಗೆ. ಸಡಿಲ ಮಾಡಿದ್ಮೇಲೆ ತೂಕ ಇಳಿಯೋಕೆ ಶುರು ಆಗಿದ್ದು ನನಗೆ.

ಆದ್ರಿಂದ "ಎಷ್ಟು ಎಂಎಲ್ ಫಿಲ್ ಇದೆ ನಿಮಗೆ" ಅಂತ ಒಬ್ಬರನ್ನೊಬ್ರು ಕೇಳೋದು ನಿಲ್ಸಿ. ಬ್ಯಾಂಡ್‌ನಲ್ಲೇ ಬೇರೆ ಬೇರೆ ಸೈಜ್ ಇದೆ, ಹೊಟ್ಟೆಗಳೂ ಬೇರೆ. ಆ ನಂಬರ್‌ಗೆ ಅರ್ಥ ಇಲ್ಲ.

ಸಂಜೆ ಆಯ್ತು, ಈ ಶಾಟ್ ಸ್ವಲ್ಪ ಅಲ್ಲಾಡಿದೆ.

ಇಲ್ಲಿ ಪ್ಲೇಟಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಇದ್ರೆ ಅನ್ನ. ನನಗೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗ್ಲೇಬೇಕು ಅಂತ ಹೇಳಿದಾರೆ, ಇಷ್ಟು ಚಿಕ್ಕ ಊಟದಲ್ಲಿ ಅನ್ನದಿಂದ ಶುರು ಮಾಡಿದ್ರೆ ಪ್ರೋಟೀನ್‌ಗೆ ಜಾಗಾನೇ ಉಳಿಯಲ್ಲ. ಅನ್ನ ಬೇರೆ ಒಳಗೆ ಹೋಗಿ ಮುದ್ದೆ ಕಟ್ಟತ್ತೆ, ಮೂರು ಚಮಚದ ಮೇಲೆ ನಾನು ಹೋಗಲ್ಲ. ಹೊಸ ಮೆತ್ತನೆ ಬ್ರೆಡ್ ಕೂಡ ಅಷ್ಟೇ, ಹಿಟ್ಟಿನ ಉಂಡೆ ಆಗ್ಬಿಡತ್ತೆ. ಚೆನ್ನಾಗಿ ಟೋಸ್ಟ್ ಮಾಡಿ ಗರಿಗರಿ ಆದ್ರೆ ಇಳಿಯತ್ತೆ, ವಿಚಿತ್ರ ಅನ್ಸತ್ತೆ ಅಲ್ವಾ, ಮೆತ್ತಗಿರೋದು ಸಿಕ್ಕಾಕ್ಕೊಳ್ಳತ್ತೆ, ಗರಿಗರಿ ಇರೋದು ಹೋಗತ್ತೆ. ನಾರಿನ ತರಕಾರಿ ಸಣ್ಣಗೆ ಹೆಚ್ಚಿ ಬೇಯ್ಸಿ, ಕಿತ್ತಳೆ ತೊಳೆ ಮೇಲಿನ ಸಿಪ್ಪೆ ತೆಗೆದೇ ತಿನ್ನಿ. ಸೋಡಾ, ಕೂಲ್ ಡ್ರಿಂಕ್ಸ್ ಪೂರ್ತಿ ಬಿಟ್ಟಿದೀನಿ, ಗ್ಯಾಸ್ ಆ ಪುಟ್ಟ ಜಾಗದಲ್ಲಿ ಉಬ್ಬಿ ನೋವು ಬರತ್ತೆ. ವಿಟಮಿನ್ ಮಾತ್ರೆ ದಿನಾ ಇದೆ, ದೊಡ್ಡ ಮಾತ್ರೆ ಸಿಕ್ಕಾಕ್ಕೊಳ್ಳತ್ತೆ ಅಂತ ಅಗಿಯೋ ಥರದ್ದು ತಗೊಂಡಿದೀನಿ. ಬೇರೆ ಮಾತ್ರೆಗಳನ್ನ ನೀವೇ ಪುಡಿ ಮಾಡ್ಬೇಡಿ, ಕೆಲವನ್ನ ಪುಡಿ ಮಾಡ್ಬಾರ್ದು, ಡಾಕ್ಟರ್ ಹತ್ರ ಕೇಳಿ. ತಲೆನೋವು ಅಂತ ಐಬುಪ್ರೊಫೆನ್ ನುಂಗೋದೂ ಬೇಡ, ಹೊಟ್ಟೆಗೆ ಕೆಟ್ಟದ್ದು.

ಆಪರೇಷನ್ ಈಗಷ್ಟೇ ಆಗಿರೋರು ಈ ಪ್ಲೇಟ್ ನೋಡಿ ಇವತ್ತೇ ಮಾಡ್ಬೇಡಿ. ಮೊದಲು ಲಿಕ್ವಿಡ್, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಗಟ್ಟಿಗೆ ಬರೋಕೆ ನನಗೆ ಆರು ವಾರ ಆಯ್ತು. ಹೊಟ್ಟೆ ಗಾಯ ಮಾಗ್ಬೇಕು, ಬ್ಯಾಂಡ್ ಜಾಗದಲ್ಲಿ ಕೂರ್ಬೇಕು. ನಿಮ್ಮ ಟೀಮ್ ಕೊಟ್ಟಿರೋ ಚಾರ್ಟೇ ನಿಮಗೆ.

ಹಾ, ಕೇಳಿಸ್ತಾ? ಬಿಕ್ಕಳಿಕೆ. ಒಂದೇ ಒಂದು. ಇದು ನನ್ನ ಸಿಗ್ನಲ್. ಕೆಲವ್ರಿಗೆ ಮೂಗು ಸೋರತ್ತೆ, ಕೆಲವ್ರಿಗೆ ಸೀನು, ಇನ್ನು ಕೆಲವ್ರಿಗೆ ಒಂದು ದೊಡ್ಡ ನಿಟ್ಟುಸಿರು. ಹೊಟ್ಟೆ ಬಿರಿಯೋ ಹಾಗೆ ತುಂಬೋವರೆಗೂ ಕಾಯೋದು ಹಳೇ ಅಭ್ಯಾಸ, ಇಲ್ಲಿ ಅದು ಬಂದಾಗ ತುಂಬಾ ತಡ ಆಗಿರತ್ತೆ. ಪ್ಲೇಟಲ್ಲಿ ಇನ್ನೂ ಎರಡು ಚಮಚ ಮೀನು ಇದೆ ನೋಡಿ, ಟೈಮರ್‌ನಲ್ಲೂ ಏಳು ನಿಮಿಷ ಇದೆ. ಮೊದ್ಲಾಗಿದ್ರೆ ವೇಸ್ಟ್ ಆಗತ್ತಲ್ಲ ಅಂತ ತಿಂದ್ಬಿಡ್ತಿದ್ದೆ. ಮುಚ್ಚಳ ಹಾಕಿ ಫ್ರಿಜ್‌ಗೆ. ನಾಳೆ ಮಧ್ಯಾಹ್ನಕ್ಕೆ ಆಯ್ತು.

ಬ್ಯಾಟರಿ ಕೆಂಪು ಬಂತು. ಮುಂದಿನ ವಾರ ಹೊರಗಡೆ ಊಟಕ್ಕೆ ಹೋಗೋದಿದೆ, ಆರ್ಡರ್ ಮಾಡೋದರಿಂದ ಹಿಡಿದು ಪಾರ್ಸೆಲ್ ಕಟ್ಟಿಸ್ಕೊಳ್ಳೋವರೆಗೂ ಶೂಟ್ ಮಾಡ್ತೀನಿ. ಅಲ್ಲೂ ನೀರಿನ ಲೋಟ ಮೊದಲೇ ತೆಗೀರಿ ಅಂತ ಹೇಳ್ಬೇಕು